ಪುಡಿ ಹೋಗಿ ಹರಳು ಬಂತು

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಗೈಡ್‌ಗೆ, ಫೆಲೋಶಿಪ್ ಕೊಟ್ಟವರಿಗೆ, ಅಪ್ಪ ಅಮ್ಮನಿಗೆ ಥೀಸಿಸ್‌ನಲ್ಲೇ ವಂದನೆ ಹೇಳಿ ಆಗಿದೆ. ಅಲ್ಲಿ ಒಂದೊಂದು ಸಾಲಿನಲ್ಲಿ ಮುಗಿಸಿದ ಕೆಲವರ ಬಗ್ಗೆ ಇಲ್ಲಿ ಸ್ವಲ್ಪ ಬಿಡಿಸಿ ಬರೆಯಬೇಕು ಅನ್ನಿಸಿತು.

ನನ್ನ ಕೆಲಸ ಹೊಸ ಹರಳು ಬೆಳೆಸುವುದು. ಕೋಬಾಲ್ಟ್ ಲವಣ, ಒಂದು ಸಾವಯವ ಆಮ್ಲ, ನೀರು. ಇಷ್ಟನ್ನು ಟೆಫ್ಲಾನ್ ಬಟ್ಟಲಿಗೆ ಹಾಕಿ, ಸ್ಟೀಲ್ ಕವಚದೊಳಗೆ ಬಿಗಿದು, 150 ಡಿಗ್ರಿ ಓವನ್‌ನಲ್ಲಿ ಎರಡು ಮೂರು ದಿನ ಇಡುತ್ತೇವೆ. ವಿಶಲ್ ಇಲ್ಲದ ಕುಕ್ಕರ್ ಅಂದುಕೊಳ್ಳಿ. ಒಳಗೆ ಒತ್ತಡ ಏರಿ, ಮಾಮೂಲಿ ನೀರಿಗೆ ಕರಗದ್ದೂ ಕರಗುತ್ತದೆ. ಅದೃಷ್ಟವಿದ್ದರೆ ಲೋಹ, ಆಮ್ಲ ಎರಡೂ ಸೇರಿ ಚೌಕಟ್ಟು ಕಟ್ಟಿಕೊಳ್ಳುತ್ತವೆ. ಕಿಟಗಾವ, ರಾಬ್ಸನ್, ಯಾಘಿ ಅವರಿಗೆ 2025ರ ರಸಾಯನಶಾಸ್ತ್ರ ನೊಬೆಲ್ ಬಂದದ್ದು ಇಂಥ ಲೋಹ-ಸಾವಯವ ಚೌಕಟ್ಟುಗಳಿಗೇ. ಸುದ್ದಿ ಕೇಳಿ ಅಮ್ಮ ಫೋನ್ ಮಾಡಿದ್ದರು. "ನೀನು ಮಾಡೋದೂ ಇದೇ ಅಲ್ವಾ?" ಹೌದಮ್ಮ, ನನಗೆ ಬರೀ ಪುಡಿ ಬರ್ತಿದೆ ಅಷ್ಟೇ, ಅಂದೆ.

ಪುಡಿ ಬಂದರೆ ಕಷ್ಟ. ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಅಂತ ಎಕ್ಸ್‌ರೇ ಹಾಯಿಸಿ ಸರಿಯಾಗಿ ತಿಳಿಯಲು ಒಂಟಿ ಹರಳು ಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗವಿದ್ದರೂ ಸಾಕು. ಅಷ್ಟೂ ಸಿಗದೆ ವರ್ಷ ಕಳೆಯಿತು.

ಕವಚಗಳ ಥ್ರೆಡ್ ಸವೆದು ಆವಿ ಸೋರುತ್ತಿತ್ತು. ಪೀಣ್ಯದ ಒಂದು ಲೇತ್ ಶಾಪಿನ ಯಜಮಾನರು ಕೈಯಲ್ಲಿ ತಿರುಗಿಸಿ ನೋಡಿಯೇ ಹೇಳಿದರು: "ಮುಚ್ಚಳ ಸಮ ಕೂರ್ತಿಲ್ಲ ಮೇಡಂ. ಮೇಲೊಂದು ಸ್ಟೀಲ್ ಬಿಲ್ಲೆ ಇಟ್ಟು ಬಿಗಿಯೋಣ." ಸೋರುವುದು ನಿಂತಿತು. ಬಿಲ್ ಪಾಸಾಗಲು ತಿಂಗಳುಗಟ್ಟಲೆ ಹಿಡಿಯಿತು, ಅವರು ಒಮ್ಮೆಯೂ ಗೊಣಗಲಿಲ್ಲ.

ಕರೆಂಟ್ ಹೋಗಿ ಓವನ್ ಆಫ್ ಆದಾಗೆಲ್ಲ ನಡುರಾತ್ರಿ ಫೋನ್ ಮಾಡಿದ ಸೆಕ್ಯುರಿಟಿ ಅಣ್ಣನಿಗೂ ಥ್ಯಾಂಕ್ಸ್.

ಇನ್ನು ಎಕ್ಸ್‌ರೇ ಲ್ಯಾಬಿನ ಸರ್. ಹರಳನ್ನು ಎಣ್ಣೆ ಹನಿಯಲ್ಲಿಟ್ಟು, ಮೈಕ್ರೋಸ್ಕೋಪಿನಲ್ಲಿ ಎರಡು ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ನಡುವೆ ತಿರುಗಿಸುತ್ತಾರೆ. ಇಡೀ ಹರಳು ಒಟ್ಟಿಗೇ ಕಪ್ಪಾಗಬೇಕು. ಅರ್ಧ ಕಪ್ಪಾಗಿ ಅರ್ಧ ಮಿನುಗಿದರೆ, ಎರಡು ಅಂಟಿಕೊಂಡಿವೆ ಅಂತ ಅರ್ಥ. ನನ್ನ ಕಣ್ಣು ಯಾವಾಗಲೂ ದೊಡ್ಡದರ ಮೇಲೆ. ಅವರು ಮೂಲೆಯಲ್ಲಿದ್ದ ಚಿಕ್ಕದನ್ನು ಬ್ಲೇಡ್ ತುದಿಯಿಂದ ಬಿಡಿಸಿ, ನೈಲಾನ್ ಕುಣಿಕೆಯಲ್ಲಿ ಎತ್ತಿ, ಸೊನ್ನೆಗಿಂತ 173 ಡಿಗ್ರಿ ಕೆಳಗಿನ ಸಾರಜನಕದ ಗಾಳಿಗೆ ಒಡ್ಡುತ್ತಿದ್ದರು. ಮೊದಲು ಹರಳಿನ ಕೋಶದ, ಅಂದರೆ ಹರಳಿನೊಳಗೆ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಪೆಟ್ಟಿಗೆಯ, ಅಳತೆ ತೆಗೆದು, ಈಗಾಗಲೇ ಗೊತ್ತಿರುವ ಹರಳುಗಳ ರಚನೆಗಳಿರುವ ಕೇಂಬ್ರಿಡ್ಜ್ ಡೇಟಾಬೇಸಿನಲ್ಲಿ ಹುಡುಕಾಟ. "ಇದನ್ನ ಯಾರೋ ಆಗಲೇ ಮಾಡಿದಾರಮ್ಮ. ಸುಮ್ನೆ ರಾತ್ರಿಯೆಲ್ಲ ಮೆಷಿನ್ ಓಡಿಸೋದು ಬೇಡ." ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಯಾವುದರ ಜೊತೆಗೂ ತಾಳೆಯಾಗದ ಗುಲಾಬಿ ಹರಳು ಸಿಕ್ಕ ದಿನ ಸರ್ ಏನೂ ಹೇಳಲಿಲ್ಲ, ಬೈಟೂ ಕಾಫಿ ತರಿಸಿದರು.

ಅದನ್ನು ಬಿಸಿ ಮಾಡಿದರೆ ನೀಲಿಯಾಗುತ್ತದೆ ಅಂತ ಮೊದಲು ಗಮನಿಸಿದ್ದು ಲ್ಯಾಬಿನ ಜೂನಿಯರ್ ಹುಡುಗ. ಕೋಬಾಲ್ಟ್‌ಗೆ ಅಂಟಿದ್ದ ನೀರು ಬಿಟ್ಟುಹೋಗಿತ್ತು, ಬಿಸಿ ಮಾಡುತ್ತಾ ತೂಕ ಅಳೆದ ಗ್ರಾಫೂ ಅದನ್ನೇ ಹೇಳಿತು. ಮಳೆಗಾಲದ ಗಾಳಿಗಿಟ್ಟರೆ ಮತ್ತೆ ಗುಲಾಬಿ! ಕೊನೆಯ ಅಧ್ಯಾಯ ಹುಟ್ಟಿದ್ದೇ ಅದರಿಂದ. ಸಂಶೋಧನಾ ಪೇಪರಿನಲ್ಲಿ ಅವನ ಹೆಸರಿದೆ. ಲೇತ್ ಶಾಪಿನವರ ಹೆಸರಿಲ್ಲ. ಇರಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಶನಿವಾರ ಪೀಣ್ಯಕ್ಕೆ ಹೋಗಿ ಅವರಿಗೊಂದು ಪ್ರತಿ ಕೊಟ್ಟು ಬರಬೇಕು. ಜೂನಿಯರ್‌ಗಳಿಗೆ ಇನ್ನೂ ನಾಲ್ಕು ಕವಚ ಬೇಕಂತೆ. ಈ ಸಲ ಅಡ್ವಾನ್ಸ್ ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತೇನೆ.