ಭಾನುವಾರ ಕಡಲ ತಳ ನೋಡಲು ಬನ್ನಿ

ಪಣಜಿ, ವಾಸ್ಕೋ ಗೆಳೆಯರಿಗೆಲ್ಲ ನಮಸ್ಕಾರ. ಈ ಭಾನುವಾರ ಇಳಿತದ ಹೊತ್ತಿಗೆ ಅಂಜುಣದ ಬಂಡೆಗಳ ಹತ್ತಿರ ಸೇರೋಣ. ಉಬ್ಬರ-ಇಳಿತದ ಪಟ್ಟಿ ನೋಡಿ ಸಮಯ ಇಲ್ಲೇ ಹಾಕುತ್ತೇನೆ.

ನೀರು ಹಿಂದೆ ಸರಿದಾಗ ಕಡಲ ತಳದ ಅಂಚು ನಮಗೂ ಕಾಣುತ್ತದೆ. ಬಂಡೆಯ ಗುಂಡಿಯಲ್ಲಿ ನಿಂತ ನೀರನ್ನು ಸುಮ್ನೆ ನೋಡುತ್ತಾ ಕೂರಿ. ಖಾಲಿ ಶಂಖ ಅಂದುಕೊಂಡದ್ದು ಕಾಲು ಚಾಚಿ ನಡೆಯತೊಡಗುತ್ತದೆ. ಒಳಗೆ, ಬೇರೆ ಜೀವಿ ಬಿಟ್ಟುಹೋದ ಶಂಖದಲ್ಲಿ ಮನೆ ಮಾಡುವ ಸನ್ಯಾಸಿ ಏಡಿ! ಆದ್ದರಿಂದ ಶಂಖ, ಚಿಪ್ಪು ಹೆಕ್ಕಿ ಮನೆಗೆ ತರುವುದು ಬೇಡ.

ಮಕ್ಕಳಿಗೆ ಇದನ್ನೂ ಹೇಳಿ. ನಮ್ಮ ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು 1981ರಲ್ಲಿ ‘ಗವೇಷಣಿ’ ಹಡಗಿನಲ್ಲಿ ಹೋಗಿ ಹಿಂದೂ ಮಹಾಸಾಗರದ ತಳದಿಂದ ಆಲೂಗಡ್ಡೆಯಂಥ ಕಪ್ಪು ಉಂಡೆಗಳನ್ನು ಎತ್ತಿ ತಂದರು. ಅದರಲ್ಲಿ ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇದೆ. ಹತ್ತು ಲಕ್ಷ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಅಲ್ಲಿ 75,000 ಚದರ ಕಿ.ಮೀ. ಜಾಗದಲ್ಲಿ ಹುಡುಕಾಟ ನಡೆಸುವ ಹಕ್ಕು ಭಾರತಕ್ಕೆ ಸಿಕ್ಕಿದೆ. ಬ್ಯಾಟರಿಗೆ ಲೋಹ ಬೇಕು, ಸರಿ. ಆದರೆ ಆ ಉಂಡೆಗಳಿಗೇ ಅಂಟಿಕೊಂಡು ಬದುಕುವ ಜೀವಿಗಳಿವೆ. ಪೆಸಿಫಿಕ್ ಸಾಗರದಲ್ಲಿ ಉಂಡೆ ತೆಗೆಯುವ ಪರೀಕ್ಷೆಗೆಂದು ತಳ ಕೆರೆದ ಗುರುತು ದಶಕಗಳು ಕಳೆದರೂ ಮಾಸಿಲ್ಲ. ಉಂಡೆ ತೆಗೆಯಲು ಇಷ್ಟು ಆತುರ ಯಾಕೆ ಅನ್ನುವುದು ನನ್ನ ಪ್ರಶ್ನೆ. ಒಪ್ಪದವರು ಭಾನುವಾರ ಜಗಳಕ್ಕೆ ಬನ್ನಿ!

ಅಂದಹಾಗೆ, ಜೂನ್, ಜುಲೈನಲ್ಲಿ ಕಡಲ ತಳದಲ್ಲಿ ಬಲೆ ಎಳೆಯುವ ಟ್ರಾಲರ್‌ ದೋಣಿಗಳಿಗೆ ರಜೆ ಅಲ್ವಾ? ಮೀನು ಮೊಟ್ಟೆಯಿಡಲು ಬಿಡುವು ಸಿಗಲಿ ಅಂತ. ಬಲೆ ಎಳೆಯದಿದ್ದರೆ ತಳಕ್ಕೂ ಅಷ್ಟು ದಿನ ನೆಮ್ಮದಿ.

ಬಂಡೆ ಜಾಸ್ತಿ ಜಾರುತ್ತದೆ, ಹವಾಯಿ ಚಪ್ಪಲಿ ಬೇಡ. ಕಾರಿನಲ್ಲಿ ಜಾಗ ಇರುವವರು ಶನಿವಾರ ಮಧ್ಯಾಹ್ನದೊಳಗೆ ತಿಳಿಸಿ.