ಬಾಸ್ ಗಿಟಾರಿನ ಟ್ಯಾಬ್‌ನಲ್ಲಿ ತಾಳಕ್ಕೂ ಜಾಗ ಬೇಕು

ಸಂಪಾದಕರಿಗೆ,

ಮಾನ್ಯರೇ,

ಎಪ್ಪತ್ತರ ದಶಕದ ರಾಕ್ ಹಾಡುಗಳನ್ನು ಬಾಸ್ ಗಿಟಾರಿನಲ್ಲಿ ನುಡಿಸಬೇಕೆಂಬ ಆಸೆಯಿಂದ ವಾದ್ಯ ಕೊಳ್ಳುವ ಎಳೆಯರು ನಮ್ಮಲ್ಲಿ ಸಾಕಷ್ಟಿದ್ದಾರೆ. ಪಾಶ್ಚಾತ್ಯ ಸ್ವರಲಿಪಿ ಓದಲು ಬಾರದವರಿಗೆ ಟ್ಯಾಬ್ಲೇಚರ್, ಅಂದರೆ ಎಲ್ಲರ ಬಾಯಲ್ಲಿರುವ ಟ್ಯಾಬ್, ದೊಡ್ಡ ಆಸರೆ. ಅದನ್ನು ಕೀಳಾಗಿ ಕಾಣುವ ಗುರುಗಳ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಕಲಿಯುವವರ ಕೈಗೆ ಬರುವ ಬಹುಪಾಲು ಟ್ಯಾಬ್‌ಗಳಲ್ಲಿ ಕಾಲದ ಸುಳಿವೇ ಇರುವುದಿಲ್ಲ. ಕಲಿಸುವವರು ಈ ಕೊರತೆಯನ್ನು ತುಂಬಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಟ್ಯಾಬ್‌ನ ಕ್ರಮ ಸರಳ. ನಾಲ್ಕು ಗೆರೆಗಳು ನಾಲ್ಕು ತಂತಿಗಳು. ತೀರ ಕೆಳಗಿನದು ದಪ್ಪನೆಯ ಇ ತಂತಿ, ಅದರ ಮೇಲೆ ಎ, ಡಿ, ಜಿ. ಗೆರೆಯ ಮೇಲಿನ ಅಂಕಿ ಯಾವ ಫ್ರೆಟ್ (ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿಗಳಿಂದಾದ ಮನೆ) ಒತ್ತಬೇಕೆಂಬುದನ್ನು ಹೇಳುತ್ತದೆ; ಸೊನ್ನೆಯಿದ್ದರೆ ತಂತಿಯನ್ನು ಎಲ್ಲೂ ಒತ್ತದೆ, ಬಿಟ್ಟು ಮೀಟಬೇಕು. ಇದರಲ್ಲಿ ಸ್ವರಲಿಪಿಗಿಲ್ಲದ ಒಂದು ಗುಣವೂ ಇದೆ. ಇ ತಂತಿಯ ಐದನೆಯ ಫ್ರೆಟ್ಟಿನಲ್ಲಿ ಸಿಗುವ ಸ್ವರವೇ ಬಿಟ್ಟ ಎ ತಂತಿಯಲ್ಲೂ ಸಿಗುತ್ತದೆಯಾದರೂ ಎರಡರ ನಾದ ಬೇರೆ. ಯಾವುದನ್ನು ಆರಿಸಬೇಕೆಂದು ಟ್ಯಾಬ್ ನೇರವಾಗಿ ತೋರಿಸುತ್ತದೆ. ಆದರೆ ಸ್ವರ ಯಾವಾಗ ಹುಟ್ಟಬೇಕು, ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದನ್ನು ಅದು ಹೇಳುವುದಿಲ್ಲ.

ಪಿಂಕ್ ಫ್ಲಾಯ್ಡ್ ತಂಡದ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮಿನ ‘ಮನಿ’ ಹಾಡನ್ನೇ ತೆಗೆದುಕೊಳ್ಳಿ. ಅದನ್ನು ಬರೆದು, ಬಾಸ್ ನುಡಿಸಿದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿಗೂ ಬಂದು ಕಛೇರಿ ನೀಡಿದ್ದರು. ಆ ಹಾಡಿನ ಬಾಸ್ ಸಾಲು ಎರಡನೆಯ ಫ್ರೆಟ್ಟಿನಿಂದ ಐದನೆಯದರೊಳಗೆ, ಕೈ ಜರುಗಿಸದೆ ನುಡಿಸಬಹುದಾದ ಎಂಟು ಸ್ವರಗಳ ಸಾಲು. ಬಿ ಸ್ವರವನ್ನು ಷಡ್ಜವೆಂದು ಹಿಡಿದರೆ ಷಡ್ಜ, ಮೇಲಿನ ಷಡ್ಜ, ಪಂಚಮ, ಮತ್ತೆ ಷಡ್ಜ, ಮಂದ್ರದ ಪಂಚಮ, ಮಂದ್ರದ ನಿಷಾದ, ಷಡ್ಜ, ಗಾಂಧಾರ. ಟ್ಯಾಬ್‌ನಲ್ಲಿ ಇವು ಸಮ ಅಂತರದಲ್ಲಿ ಕೂತ ಎಂಟು ಅಂಕಿಗಳಾಗಿ ಕಾಣುವುದರಿಂದ, ಕಲಿಯುವವರು ಸಹಜವಾಗಿಯೇ ಎಂಟು ಸಮನಾದ ಎಣಿಕೆಗಳಲ್ಲಿ ನುಡಿಸುತ್ತಾರೆ. ಹಾಡಿನ ಆವರ್ತವಾದರೋ ಏಳು ಎಣಿಕೆಯದು. ಎರಡನೆಯ ಎಣಿಕೆಯೊಳಗೆ ಮೇಲಿನ ಷಡ್ಜವೂ ಪಂಚಮವೂ ಸೇರಿಕೊಳ್ಳುತ್ತವೆ, ಅದೂ ಸಮಪಾಲಿನಲ್ಲಲ್ಲ. ಮೊದಲನೆಯದು ತುಸು ದೀರ್ಘ, ಎರಡನೆಯದು ಹ್ರಸ್ವ. ಇಡೀ ಸಾಲಿನ ಸೊಗಸು ಆ ಒಂದು ಎಣಿಕೆಯಲ್ಲಿದೆ. ಮುಂದೆ ಗಿಟಾರ್ ಸೋಲೋ ಬಂದಾಗ ಹಾಡು ನಾಲ್ಕರ ಎಣಿಕೆಗೆ ಹೊರಳಿ ಮತ್ತೆ ಏಳಕ್ಕೆ ಮರಳುತ್ತದೆ. ಮಿಶ್ರಚಾಪು ಕೇಳಿ ಬೆಳೆದ ನಮ್ಮ ಕಿವಿಗೆ ಏಳೆಂಬುದು ಕಷ್ಟವಲ್ಲ, ನಡೆ ಬೇರೆಯಾದರೂ. ಏಳು ಎಂದು ಯಾರಾದರೂ ಮೊದಲೇ ಹೇಳಿರಬೇಕು, ಅಷ್ಟೇ.

ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ (1980) ಇನ್ನೂ ಸೂಕ್ಷ್ಮ. ಜಾನ್ ಡೀಕನ್ ಅವರ ಆ ಸಾಲಿನಲ್ಲಿ ಇ ತಂತಿಯ ಮೂರು ಸೊನ್ನೆಗಳಾದ ಮೇಲೆ ಒಂದು ಬಿಡುವು ಬರುತ್ತದೆ. ಬಿಟ್ಟು ಮೀಟಿದ ದಪ್ಪ ತಂತಿ ತಾನಾಗಿ ನಿಲ್ಲುವುದಿಲ್ಲ; ಅಂಗೈಯಿಂದಲೋ ಎಡಗೈ ಬೆರಳುಗಳಿಂದಲೋ ಅದನ್ನು ತಡೆದರೆ ಮಾತ್ರ ಆ ಮೌನ ಕೇಳಿಸುತ್ತದೆ. ಅಂಕಿಗಳನ್ನಷ್ಟೇ ನೋಡಿ ನುಡಿಸಿದವರ ಕೈಯಲ್ಲಿ ಸ್ವರಗಳೆಲ್ಲ ಸರಿಯಿದ್ದೂ ಹಾಡು ಹಾಡಾಗುವುದಿಲ್ಲ.

ಇದು ಟ್ಯಾಬ್ ಪದ್ಧತಿಯ ಹುಟ್ಟುದೋಷವೆಂದು ಹೇಳುವವರಿದ್ದಾರೆ. ಅದು ನಿಜವಲ್ಲ. ವೆನಿಸ್ ನಗರದಲ್ಲಿ 1507ರಷ್ಟು ಹಿಂದೆಯೇ ಲ್ಯೂಟ್ ಎಂಬ ತಂತಿವಾದ್ಯದ ಟ್ಯಾಬ್ಲೇಚರ್ ಪುಸ್ತಕಗಳು ಅಚ್ಚಾಗಿದ್ದವು. ಆ ಕಾಲದ ಬರಹಗಳಲ್ಲಿ ಗೆರೆಗಳ ಮೇಲುಗಡೆ ಕಾಲವನ್ನು ತೋರಿಸುವ ಚಿಹ್ನೆಗಳಿರುತ್ತಿದ್ದವು. ಅಡ್ಡಗೆರೆ ಮತ್ತು ಅಂಕಿಗಳನ್ನಷ್ಟೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಹಂಚುವ ರೂಢಿಯಲ್ಲಿ ಆ ಚಿಹ್ನೆಗಳು ಬಿಟ್ಟುಹೋದವು. ಎಚ್ಚರದಿಂದ ಅಚ್ಚು ಮಾಡಿದ ಪುಸ್ತಕಗಳಲ್ಲಿ ಇಂದಿಗೂ ಟ್ಯಾಬ್‌ನ ಮೇಲೆ ಸ್ವರಲಿಪಿಯನ್ನು ಕೊಡುತ್ತಾರೆ. ನಮ್ಮ ಕರ್ನಾಟಕ ಸಂಗೀತದ ಸ್ವರಪ್ರಸ್ತಾರವನ್ನು ನೋಡಿದರೂ ಸಾಕು: ಹ್ರಸ್ವ ಸ್ವರಕ್ಕೆ ಒಂದು ಅಕ್ಷರಕಾಲ, ದೀರ್ಘಕ್ಕೆ ಎರಡು, ಮುಂದುವರಿಕೆಗೆ ಅಲ್ಪವಿರಾಮದ ಗುರುತು, ಆವರ್ತದ ಕೊನೆಗೆ ಜೋಡುಗೆರೆ. ಸರಳೆ ವರಸೆಯ ಮೊದಲ ಪುಟದಿಂದಲೇ ಮಕ್ಕಳು ಕಾಲವನ್ನು ಓದುತ್ತಾರೆ.

ಆದ್ದರಿಂದ ಗಿಟಾರ್ ತರಗತಿ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು. ವಿದ್ಯಾರ್ಥಿಗೆ ಟ್ಯಾಬ್ ಹಾಳೆ ಕೊಡುವ ಮುನ್ನ ಅಂಕಿಗಳ ಕೆಳಗೆ ಎಣಿಕೆಯನ್ನು ಪೆನ್ಸಿಲ್ಲಿನಲ್ಲಾದರೂ ಬರೆಯಿರಿ, ಬಿಡುವು ಇರುವಲ್ಲಿ ಗುರುತು ಹಾಕಿ. ಮೂಲ ಧ್ವನಿಮುದ್ರಣವನ್ನು ಕೇಳಿಸಿ, ವಾದ್ಯ ಮುಟ್ಟುವ ಮೊದಲು ಕೈಯಲ್ಲಿ ತಾಳ ಹಾಕಿಸಿ, ಆಮೇಲೆ ಲಯ ತೋರಿಸುವ ಸಾಧನವಾದ ಮೆಟ್ರೋನೋಮಿನ ನಿಧಾನಗತಿಯಲ್ಲಿ ನುಡಿಸಲು ಬಿಡಿ. ಗುರುಗಳಿಲ್ಲದೆ ತಾವಾಗಿ ಕಲಿಯುವವರು ಹಾಡು ಕೇಳುತ್ತಾ ಈ ಎಣಿಕೆಯನ್ನು ಸ್ವತಃ ಬರೆದುಕೊಳ್ಳಬಹುದು. ‘ಮನಿ’ಯ ಆ ಎಂಟು ಅಂಕಿಗಳಿಂದಲೇ ಅವರು ಶುರುಮಾಡಲಿ ಎಂದು ನನ್ನ ಸಲಹೆ.

— ಬಾಸ್ ಗಿಟಾರ್ ಅಭ್ಯಾಸಿ, ಮೈಸೂರು