ಗೋಡೆಯ ಆಚೆ ಏನಿದೆ ಅಂತ ನಮಗೂ ತಿಳಿಸಿ

ಮಾನ್ಯ ಸಂಪಾದಕರೇ,

ಪೀಣ್ಯದಲ್ಲಿ ಎಷ್ಟೋ ಕಡೆ ಕಾರ್ಖಾನೆಗೂ ಮನೆಗೂ ಮಧ್ಯೆ ಇರುವುದು ಒಂದೇ ಕಾಂಪೌಂಡ್ ಗೋಡೆ. ಈಚೆ ಬಾಡಿಗೆ ಮನೆಗಳು, ಆಚೆ ಲೋಹದ ಸಾಮಾನಿಗೆ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡು. ಪ್ಲೇಟಿಂಗ್‌ಗೆ ಆಸಿಡ್ ಬೇಕು, ಕೆಲವು ಬಗೆಯದಕ್ಕೆ ಸಯನೈಡ್ ಕೂಡ ಬಳಸುತ್ತಾರೆ. ಇವೆರಡೂ ಬೆರೆತರೆ ಜೀವ ತೆಗೆಯುವ ಗ್ಯಾಸ್ ಹೊರಡುತ್ತದೆ. ಗೋಡೆಯ ಈಚೆ ಇರುವ ನಮಗೆ ಒಳಗೆ ಏನಿದೆ ಅಂತ ಯಾರೂ ಹೇಳಿಲ್ಲ.

ಹೇಳಲೇಬೇಕು. ಯಾಕೆಂದರೆ ಎಲ್ಲ ಗ್ಯಾಸಿಗೂ ಒಂದೇ ಉಪಾಯ ನಡೆಯುವುದಿಲ್ಲ. ಕ್ಲೋರಿನ್ ಗಾಳಿಗಿಂತ ಭಾರ. ನೆಲ ಹಿಡಿದು ತಗ್ಗಿಗೆ, ಬೇಸ್‌ಮೆಂಟಿಗೆ ಇಳಿಯುತ್ತದೆ. ಅಲ್ಲಿ ಬಚ್ಚಿಟ್ಟುಕೊಂಡವರು ಸಿಕ್ಕಿಬೀಳುತ್ತಾರೆ. ಅದನ್ನು ಜಾಸ್ತಿ ಎಳೆದುಕೊಂಡವರು ಮೊದಲು ಬರೀ ಕೆಮ್ಮಬಹುದು. ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅಂಥವರನ್ನು ಸುಮ್ನೆ ಸಿರಪ್ ಕೊಟ್ಟು ಮನೆಗೆ ಕಳಿಸಿದರೆ ಏನಾಗುತ್ತದೆ? ಕೋಲ್ಡ್ ಸ್ಟೋರೇಜಿನ ಅಮೋನಿಯ ಕಣ್ಣಿಗೆ ತಾಗಿದರೆ ಆ ಕ್ಷಣದಿಂದಲೇ ನೀರು ಹಾಕಿ ತೊಳೆಯುತ್ತಲೇ ಇರಬೇಕು. ಸಯನೈಡ್ ವಿಷಕ್ಕೆ ಮದ್ದು ಇದೆ. ಆದರೆ ಅದು ಸಯನೈಡ್ ಅಂತ ಡಾಕ್ಟರಿಗೆ ಗೊತ್ತಾಗಬೇಕಲ್ವಾ?

1984ರ ಡಿಸೆಂಬರ್‌ನಲ್ಲಿ ಭೋಪಾಲ್‌ನ ಆಸ್ಪತ್ರೆಗಳಿಗೆ ಸಾವಿರಾರು ಜನ ಓಡಿಬಂದರು. ಸೋರಿದ್ದು ಯಾವ ಗ್ಯಾಸ್, ಅದಕ್ಕೆ ಏನು ಚಿಕಿತ್ಸೆ ಅನ್ನುವುದೇ ಅಲ್ಲಿನ ಡಾಕ್ಟರುಗಳಿಗೆ ಸರಿಯಾಗಿ ಗೊತ್ತಿರಲಿಲ್ಲ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಕಾರ್ಖಾನೆಯಿಂದ ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಸ್ಟೈರೀನ್ ಸೋರಿದಾಗ ಸುತ್ತಲಿನವರು ನಿದ್ದೆಯಲ್ಲಿದ್ದರು. ಓಡುತ್ತಲೇ ರಸ್ತೆಯಲ್ಲಿ ಕುಸಿದುಬಿದ್ದರು.

ಭೋಪಾಲ್ ಆದಮೇಲೆ ಕಾನೂನು ಬಂದಿದೆ. ಅಪಘಾತವಾದರೆ ಏನು ಅಪಾಯ, ಏನು ಮಾಡಬೇಕು, ಏನು ಮಾಡಬಾರದು ಅಂತ ಸುತ್ತಲಿನ ಜನರಿಗೆ ಮೊದಲೇ ತಿಳಿಸಬೇಕು ಎಂದು 1989ರ ಅಪಾಯಕಾರಿ ರಾಸಾಯನಿಕಗಳ ನಿಯಮ ಹೇಳುತ್ತದೆ. ಆದರೆ ಅದು ನಿಗದಿತ ಪ್ರಮಾಣಕ್ಕಿಂತ ಜಾಸ್ತಿ ದಾಸ್ತಾನು ಇರುವ ಕಡೆಗೆ ಮಾತ್ರ. ಗಲ್ಲಿಯ ಸಣ್ಣ ಶೆಡ್ಡು ಆ ಲೆಕ್ಕಕ್ಕೆ ಬರದೇ ಹೋಗುತ್ತದೆ. ಇಕ್ಕಟ್ಟಿನ ಗಲ್ಲಿಯಲ್ಲಿ ಜನರನ್ನು ಸಾಯಿಸಲು ಟನ್‌ಗಟ್ಟಲೆ ಗ್ಯಾಸ್ ಬೇಕಿಲ್ಲ.

ಫ್ಯಾಕ್ಟರಿ ಮುಚ್ಚಿ ಅಂತ ನಾನು ಕೇಳುತ್ತಿಲ್ಲ. ನಮ್ಮ ಬೀದಿಯ ಎಷ್ಟೋ ಮನೆಗಳ ಅನ್ನ ಅಲ್ಲಿಂದಲೇ ಬರುತ್ತದೆ. ಸಣ್ಣದಿರಲಿ ದೊಡ್ಡದಿರಲಿ, ಒಳಗಿರುವ ರಾಸಾಯನಿಕದ ಹೆಸರು, ಸೋರಿದರೆ ಏನು ಮಾಡಬೇಕು ಅನ್ನುವುದು ಪ್ರತಿ ಗೇಟಿನ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿರಲಿ. ಬಿಹಾರ, ಒಡಿಶಾದಿಂದ ಕೆಲಸಕ್ಕೆ ಬಂದವರು ಆ ಶೆಡ್ಡುಗಳ ಪಕ್ಕದಲ್ಲೇ ಮಲಗುತ್ತಾರೆ, ಅವರ ಭಾಷೆಯಲ್ಲೂ ಇರಲಿ. ಅದೇ ಪಟ್ಟಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅಗ್ನಿಶಾಮಕ ಠಾಣೆಯಲ್ಲೂ ಇರಬೇಕು. ಕಾರ್ಖಾನೆಗಳ ಇಲಾಖೆ ಮತ್ತು ಜಿಲ್ಲಾಡಳಿತ ಈ ಕೆಲಸವನ್ನು ಪೀಣ್ಯದಿಂದಲೇ ಶುರು ಮಾಡಲಿ. ಇಂಥದ್ದೇ ಕಾರ್ಖಾನೆಗಳಿರುವ ಬೊಮ್ಮಸಂದ್ರ, ಜಿಗಣಿ, ಕುಂಬಳಗೋಡಿನವರಿಗೂ ಇದು ಬೇಕು.

— ಒಬ್ಬ ನಿವಾಸಿ, ಪೀಣ್ಯ, ಬೆಂಗಳೂರು